ನೀವು ಮುಟ್ಟದೆ ಬಿಟ್ಟ ಒಂದು ಲೋಟ ನೀರು

ನಮ್ಮ ಸೀಮೆಯ ಕುಡಿಯುವ ನೀರಿನ ಹೊಣೆ ಹೊತ್ತ ಮೇಲಧಿಕಾರಿಗಳ ಸಮಕ್ಷಮಕ್ಕೆ,

ಮಾನ್ಯರೇ,

ಬಾಟಲಿ ನೀರು ಬಿಡಿ, ನಲ್ಲಿ ನೀರು ಕುಡಿಯಿರಿ ಎಂದು ಹೇಳಲು ನಮ್ಮೂರಿಗೆ ಬಂದಿದ್ದ ತಾವು ನಮ್ಮೂರ ನಲ್ಲಿ ನೀರನ್ನು ಕುಡಿಯಲಿಲ್ಲ. ಬ್ಯಾಗಿನಿಂದ ಬಾಟಲಿ ತೆಗೆದಿರಿ, ಸೀಲು ಮುರಿದಿರಿ, ಗಂಟಲು ನೆನೆಸಿಕೊಂಡಿರಿ, ಆಮೇಲೆ ಬಾಟಲಿಯ ವಿರುದ್ಧ ಮಾತಾಡಿದಿರಿ. ಮಾತು ಚೆನ್ನಾಗಿತ್ತು, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ತಮಗೆಂದು ನಾನು ಹಿಡಿದುಕೊಂಡು ನಿಂತಿದ್ದ ಲೋಟವೊಂದಿತ್ತು. ಅದರ ಬಗ್ಗೆ ಈ ಪತ್ರ.

ಗುಟ್ಟಾಗಿ ತಮ್ಮ ಕಚೇರಿಗೇ ಬರೆಯಬಹುದಿತ್ತು. ತಾವು ಬೇಡ ಎಂದದ್ದು ಎಲ್ಲರ ಎದುರಿಗೆ. ಹಾಗಾಗಿ ನಾನು ಕೇಳುವುದೂ ಎಲ್ಲರ ಎದುರಿಗೇ ಇರಲಿ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಆ ಊರಿಗೊಂದು ನೋಟಿಸು ಕಳಿಸಿ ತಾವು ಕೈ ತೊಳೆದುಕೊಳ್ಳಬಹುದು, ಅದೂ ಬಾಟಲಿ ನೀರಿನಲ್ಲಿ. ತಿಪ್ಪಸಂದ್ರ ಹೋಬಳಿ ಎಂದಷ್ಟು ಹೇಳಿದರೆ ಸಾಕು, ಶಾಮಿಯಾನದ ನೆನಪು ತಮಗೆ ಬರುತ್ತದೆ.

ನನ್ನ ಹೆಸರು ಮುನಿಶಾಮಯ್ಯ. ಪಂಚಾಯಿತಿಯಲ್ಲಿ ನೀರುಗಂಟಿಯಾಗಿದ್ದವನು. ಟ್ಯಾಂಕು ತುಂಬಿಸುವುದು, ವಾಲ್ವು ತಿರುಗಿಸಿ ಬೀದಿಬೀದಿಗೆ ನೀರು ಬಿಡುವುದು ನನ್ನ ಕೆಲಸ. ಶಾಲೆ ಕಂಡವನಲ್ಲ. ಪಂಪ್‌ಹೌಸಿನಲ್ಲಿ ಕೂತು, ಬೋಂಡ ಕಟ್ಟಿಕೊಟ್ಟ ಪೇಪರಿನ ಎಣ್ಣೆ ಒರೆಸಿ ಓದು ಕಲಿತೆ. ಬರೆದು ಅಭ್ಯಾಸವಿರುವುದು ನೆಂಟರಿಗೆ ಮಾತ್ರ. ಈ ಪತ್ರವನ್ನೂ ‘ಇಲ್ಲಿ ಎಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ’ ಎಂದೇ ಶುರು ಮಾಡಿದ್ದೆ. ‘ಎಲ್ಲರೂ’ ಎಂಬ ಪದದ ಹತ್ತಿರ ಪೆನ್ನು ನಿಂತಿತು. ಮನೆಯಲ್ಲಿ ಈಗ ನಾನೊಬ್ಬನೇ ಅಲ್ಲವೇ? ಹೊಡೆದುಹಾಕಿ ಮೊದಲಿನಿಂದ ಬರೆದೆ.

ನನ್ನ ಹೆಂಡತಿ ಚಿಕ್ಕಲಕ್ಷ್ಮಮ್ಮ ತೀರಿಕೊಂಡು ವರ್ಷವಾಗುತ್ತಾ ಬಂತು. ಅವಳು ಮದುವೆಯಾಗಿ ಬಂದ ಕಾಲಕ್ಕೆ ಊರಿಗೆ ನಲ್ಲಿ ಇರಲಿಲ್ಲ, ಬಾವಿ ಇತ್ತು. ನಮ್ಮ ಕೇರಿಯವರು ಕಟ್ಟೆ ಹತ್ತುವ ಹಾಗಿರಲಿಲ್ಲ. ಬಿಂದಿಗೆಯನ್ನು ಕೆಳಗಿಟ್ಟು ನಿಲ್ಲಬೇಕು. ಯಾರಾದರೂ ಪುಣ್ಯಾತ್ಮರು ಸೇದಿ ಮೇಲಿನಿಂದ ಸುರಿಯಬೇಕು. ಎಷ್ಟೋ ದಿನ ಹೊತ್ತು ನೆತ್ತಿಗೆ ಬಂದರೂ ಅವಳ ಬಿಂದಿಗೆ ಖಾಲಿ. ಮುಂದೆ ಪೈಪು ಬಂತು, ನನಗೆ ವಾಲ್ವಿನ ಕೆಲಸ ಸಿಕ್ಕಿತು. ಮೊದಲ ದಿನ ಬೀದಿ ನಲ್ಲಿಯಲ್ಲಿ ಬಿಂದಿಗೆ ತುಂಬಿಕೊಂಡು ಬಂದವಳು ಸೊಂಟದಿಂದ ಇಳಿಸುವುದನ್ನೂ ಮರೆತು ನಕ್ಕಳು.

“ನಲ್ಲಿಗೆ ಕಣ್ಣಿಲ್ಲ ನೋಡು. ಯಾರ ಬಿಂದ್ಗೆ ಅಂತ ಕೇಳಾಕಿಲ್ಲ.”

ಅಂದಿನಿಂದ ಇಡೀ ಊರು ನಾನು ಬಿಟ್ಟ ನೀರನ್ನೇ ಕುಡಿದಿದೆ. ಊರಿನ ಹಿರಿಯರಾದ ಚೆಲುವಯ್ಯನವರು ವಯಸ್ಸಿನಲ್ಲಿ ನನ್ನ ಸರೀಕರು. ಪಂಪ್‌ಹೌಸಿನ ಮುಂದೆ ಗಾಡಿ ನಿಲ್ಲಿಸಿ, “ಏನ್ಲಾ ಮುನಿಶಾಮಿ, ಇವತ್ತು ಒಸಿ ಜಾಸ್ತಿ ಬುಡ್ಲಾ, ದನ ತೊಳೀಬೇಕು” ಅನ್ನುತ್ತಿದ್ದರು. “ಬುಡ್ತೀನಿ ಬುದ್ದಿ, ನೀವೂ ಅಂಗೇ ಒಸಿ ಮೈ ತೊಳ್ಕಳಿ” ಅಂದರೆ ಬಿದ್ದು ಬಿದ್ದು ನಗುತ್ತಿದ್ದರು. ಪ್ರೀತಿಗೆ ಕೊರತೆಯಿರಲಿಲ್ಲ. ಆದರೆ ಅವರ ಮನೆಯಲ್ಲಾಗಲಿ, ಊರಿನ ಯಾವ ಮದುವೆ ತಿಥಿಯಲ್ಲಾಗಲಿ, ಪಂಕ್ತಿಯಲ್ಲಿ ಕೂತವರಿಗೆ ನೀರು ಬಡಿಸು ಎಂದು ಜಗ್ಗನ್ನು ನನ್ನ ಕೈಗೆ ಯಾರೂ ಕೊಟ್ಟವರಲ್ಲ. ಪೈಪಿನೊಳಗೆ ಹರಿದು ಹೋದರೆ ಗಂಗೆ. ನನ್ನ ಕೈಯಲ್ಲಿ ಲೋಟಕ್ಕೆ ಬಗ್ಗಿಸಿದರೆ ಅದೇ ನೀರು ಇನ್ನೇನೋ ಆಗಿಬಿಡುತ್ತದೆ. ಇದು ಯಾವ ಪ್ರಯೋಗಾಲಯದ ಲೆಕ್ಕ, ತಾವು ಓದಿದವರು, ಹೇಳಬೇಕು.

ಚಿಕ್ಕಲಕ್ಷ್ಮಿಗೆ ಇದೊಂದು ಕೊರಗು. “ಒಂದ್ಸಲ ಈ ಊರು ನಿನ್ ಕೈಲಿ ನೀರಿಸ್ಕಂಡು ಕುಡೀಲಿ, ನಾ ನೋಡ್ಕಂಡು ಸಾಯ್ತೀನಿ” ಅನ್ನುವಳು. ನೋಡದೆಯೇ ಹೋದಳು. ಅವಳ ಕಾರ್ಯದ ದಿನ ಚೆಲುವಯ್ಯನವರು ಬಂದರು, ಫೋಟೋದ ಮುಂದೆ ನಿಂತು ನಿಜವಾಗಿ ಕಣ್ಣೀರು ಹಾಕಿದರು. ಊಟಕ್ಕೆ ಏಳಿ ಎಂದಾಗ ಒಂದು ಬಾಳೆಹಣ್ಣು ತಿಂದು, ಅಂಗಡಿಯಿಂದ ತರಿಸಿದ ಬಾಟಲಿಯ ನೀರು ಕುಡಿದು ಹೊರಟರು. ಅವರ ಹಿಂದೆ ಬಂದವರೂ ಹಾಗೆಯೇ ಮಾಡಿದರು. ಹಣ್ಣಿಗೆ ಸಿಪ್ಪೆ ಇತ್ತು, ನೀರಿಗೆ ಸೀಲು ಇತ್ತು. ಮೊದಲು ಒಲ್ಲೆ ಅನ್ನುವವರು ಬಾಯಿ ಬಿಟ್ಟು ಅನ್ನಬೇಕಿತ್ತು, ಒಂದಿಷ್ಟು ಸಂಕೋಚವಾದರೂ ಆಗುತ್ತಿತ್ತು. ಬಾಟಲಿ ಬಂದ ಮೇಲೆ ಆ ಸಂಕೋಚವೂ ತಪ್ಪಿತು ನೋಡಿ. ನೊಂದುಕೊಳ್ಳುವ ಹಾಗೂ ಇಲ್ಲ, ಅದು ಆರೋಗ್ಯದ ವಿಚಾರ!

ಇಂಥ ಊರಿಗೆ ತಮ್ಮ ಸುತ್ತೋಲೆ ಬಂತು. ಸಭೆ ಸಮಾರಂಭಗಳಲ್ಲಿ ಪ್ಲಾಸ್ಟಿಕ್ ಬಾಟಲಿ ಕೂಡದು, ಸ್ಟೀಲ್ ಲೋಟದಲ್ಲಿ ನಲ್ಲಿ ನೀರನ್ನೇ ಕೊಡತಕ್ಕದ್ದು. ನಮ್ಮ ಅಧ್ಯಕ್ಷೆ ಸೌಮ್ಯ, ಮೇಲಿನ ಬೀದಿಯ ಹೆಣ್ಣುಮಗಳು, ಅದನ್ನು ಹಿಡಿದುಕೊಂಡು ನಮ್ಮ ಜಗಲಿಗೇ ಬಂದಳು.

“ಮುನಿಶಾಮಣ್ಣ, ಬಾಟ್ಲು ತರಂಗಿಲ್ಲ ಅಂತ ಆರ್ಡರ್ ಆಗೈತೆ. ಸಾಹೇಬ್ರು ಬರೋ ದಿನ ಸ್ಟೇಜ್ ಮ್ಯಾಲೆ ನೀರು ನೀವೇ ಕೊಡ್ಬೇಕು.”

“ನಾನಾ ತಾಯಿ? ಕುಡೀತಾರಾ?”

“ಸಾಹೇಬ್ರು ಮೊದ್ಲು ಇಸ್ಕಂಡು ಕುಡೀಲಿ. ಆಮ್ಯಾಕೆ ಯಾರು ಒಲ್ಲೆ ಅಂತಾರೋ ನೋಡೇ ಬುಡಾನ.”

ಮಾನ್ಯರೇ, ಆ ಹುಡುಗಿಯ ಧೈರ್ಯ ಪೂರಾ ತಮ್ಮೊಬ್ಬರ ಗಂಟಲಿನ ಮೇಲೆ ನಿಂತಿತ್ತು. ನನ್ನ ಆಸೆಯೂ ಅಲ್ಲೇ ನಿಂತಿತ್ತು. ಹುಣಿಸೆಹಣ್ಣು ಹಾಕಿ ತಾಮ್ರದ ಕೊಳಗ ಉಜ್ಜಿದೆ. ಚಿಕ್ಕಲಕ್ಷ್ಮಿ ಪೆಟ್ಟಿಗೆಯಲ್ಲಿಟ್ಟಿದ್ದ ಬಿಳಿ ಪಂಚೆಯನ್ನು ನೀರು ಸೋಸಲು ತೆಗೆದೆ. ಹೊಸ ಅಂಗಿ ಹಾಕಿಕೊಂಡೆ. ತಟ್ಟೆಯಲ್ಲಿ ಲೋಟಗಳನ್ನಿಟ್ಟುಕೊಂಡು ವೇದಿಕೆ ಹತ್ತಿದೆ.

ತಮ್ಮ ಮುಂದೆ ಬಗ್ಗಿದೆ. ತಾವು ನನಗೆ ಕೈ ಮುಗಿದಿರಿ, ಅದನ್ನು ನಾನು ಮರೆಯುವುದಿಲ್ಲ. “ಇರಲಿ, ಇರಲಿ, ನನ್ನದು ಇದೆ. ಬೇರೆಯವರಿಗೆ ಕೊಡಿ” ಎಂದಿರಿ. ಬ್ಯಾಗಿನ ಜಿಪ್ಪು ಎಳೆದಿರಿ. ಆ ಮುಚ್ಚಳ ತಿರುಗಿದಾಗ ಕಟಕಟ ಎಂದಿತಲ್ಲ, ತಮ್ಮ ಮುಂದೆಯೇ ಇದ್ದ ಮೈಕು ಅದನ್ನೂ ಶಾಮಿಯಾನಕ್ಕೆಲ್ಲ ಕೇಳಿಸಿತು.

ಪಕ್ಕದ ಕುರ್ಚಿಯ ಚೆಲುವಯ್ಯನವರಿಗೆ ಜೀವ ಬಂದ ಹಾಗಾಯಿತು. “ಏ, ಯಾರ್ಲಾ ಅಲ್ಲಿ? ಸಾಹೇಬ್ರು ಕುಡಿಯೋದೇ ನಮಗೂವೆ ತಂದ್ಬುಡ್ರಲಾ!” ಎಂದು ಕೂಗಿದರು. ಆಮೇಲೆ ನನ್ನ ಕಡೆ ತಿರುಗಿ ಮೆತ್ತಗೆ, “ತಪ್ಪು ತಿಳ್ಕಬ್ಯಾಡ ಕಣ್ಲಾ ಮುನಿಶಾಮಿ, ಗಂಟ್ಲು ಒಸಿ ಕಟ್ಟೈತೆ” ಅಂದರು. ಕ್ಷಣದಲ್ಲಿ ಅಂಗಡಿಯಿಂದ ಬಾಟಲಿಯ ಕಟ್ಟು ಬಂತು, ವೇದಿಕೆಯ ಮೇಲೆ ಎಲ್ಲರಿಗೂ ಒಂದೊಂದು. ಸೌಮ್ಯ ತನ್ನ ಮುಂದಿನ ಬಾಟಲಿಯನ್ನು ಒಡೆಯಲಿಲ್ಲ, ನನ್ನ ಲೋಟಕ್ಕೂ ಕೈ ಚಾಚಲಿಲ್ಲ. ಕೊನೆಯವರೆಗೂ ಬಾಯಾರಿಕೊಂಡೇ ಕೂತಿದ್ದಳು. ನಾನು ತಟ್ಟೆ ಹಿಡಿದುಕೊಂಡು ಕೆಳಗಿಳಿದು, ಕೊಳಗದ ಪಕ್ಕ ನಿಂತು ತಮ್ಮ ಭಾಷಣ ಕೇಳಿದೆ. ನಮ್ಮ ನಲ್ಲಿ ನೀರು ಅಮೃತ ಎಂದಿರಿ.

ಎಲ್ಲರೂ ಹೋದ ಮೇಲೆ ಒಬ್ಬರು ಬಂದರು, ವೈರು ಸುತ್ತುತ್ತಿದ್ದ ಮೈಕ್‌ಸೆಟ್ಟಿನ ಸನಾವುಲ್ಲಾ.

“ಯಜಮಾನ್ರೇ, ಒಂದ್ ಲೋಟ ಕೊಡಿ. ಬಾಷ್ಣ ಕೇಳಿ ಕೇಳಿ ನನ್ನ ಗಂಟ್ಲೇ ಒಣಗೋಯ್ತು.”

“ಬಾಟ್ಲು ಉಳ್ದವಲ್ಲ ಸಾಬ್ರೇ, ಅಲ್ಲಿ.”

“ಅವು ಬಿಸ್ಲಲ್ಲಿ ಬೇಯ್ತಾ ಅವೆ. ಒಂದ್ ಚಿಟ್ಕೆ ಪುಡಿ ಹಾಕುದ್ರೆ ಚಾ ಆಯ್ತದೆ.”

ಗಟಗಟನೆ ಕುಡಿದರು, ಮತ್ತೆ ಲೋಟ ಚಾಚಿದರು. ಬಾಯಿ ಒರೆಸಿಕೊಂಡು ಹೋಗಿ, ಇನ್ನೂ ಬಿಚ್ಚದ ಒಂದು ಮೈಕು ಎತ್ತಿಕೊಂಡರು. “ಹಲೋ, ಹಲೋ, ಮೈಕ್ ಟೆಸ್ಟಿಂಗ್. ಮುನಿಶಾಮಯ್ಯನೋರ ನೀರು ತಣ್ಣಗೈತೆ. ಯಾರಿಗ್ ಬೇಕೋ ಬನ್ನಿ.” ಇಬ್ಬರೂ ನಕ್ಕೆವು. ಕುರ್ಚಿ ಪೇರಿಸುತ್ತಿದ್ದವರು ತಿರುಗಿ ನೋಡಿ ಮತ್ತೆ ಪೇರಿಸತೊಡಗಿದರು. ಉಳಿದ ನೀರನ್ನು ಹೊಂಗೆ ಮರದ ಬುಡಕ್ಕೆ ಸುರಿದೆ.

ತಮಗೆ ಡಾಕ್ಟರು ಹೇಳಿರಬಹುದು, ಹೊಟ್ಟೆ ಸೂಕ್ಷ್ಮವಿರಬಹುದು, ಊರೂರು ತಿರುಗುವವರು. ಒಪ್ಪುತ್ತೇನೆ. ನಮ್ಮ ಮನೆಯ ಒಳಗುಟ್ಟು ತಮಗೆ ಗೊತ್ತಿರಲಿಲ್ಲ, ಅದೂ ನಿಜ. ಆದರೆ ನಲ್ಲಿ ನೀರು ತಮ್ಮ ಹೊಟ್ಟೆಗೆ ಆಗದಿದ್ದರೆ ನಮ್ಮ ಹೊಟ್ಟೆಗೆ ಹೇಗೆ ಆಗುತ್ತದೆ? ಕೆಟ್ಟಿದ್ದರೆ ಸರಿ ಮಾಡಿಸಿ. ಸರಿಯಿದ್ದರೆ ಕುಡಿದು ತೋರಿಸಿ. ಎರಡನ್ನೂ ಬಿಟ್ಟು ಭಾಷಣ ಮಾಡಲು ಇಲಾಖೆ ಯಾಕೆ ಬೇಕು? ಸಾವನದುರ್ಗ ಹತ್ತಲು ಬಂದವರು ಬಂಡೆಯ ಬುಡದಲ್ಲಿ ಬಿಟ್ಟು ಹೋಗುವ ಬಾಟಲಿಗಳನ್ನು ತಾವು ಬೈದಿರಿ. ಅವರು ಬಿಟ್ಟು ಹೋಗುವುದು ಖಾಲಿ ಬಾಟಲಿ. ತಾವು ನಮ್ಮೂರಲ್ಲಿ ಬಿಟ್ಟು ಹೋದದ್ದು ಬಾಟಲಿಯ ಅಭ್ಯಾಸ, ಅದಕ್ಕೆ ಮೇಲಧಿಕಾರಿಯ ಮೊಹರು ಬೇರೆ. ಈಗ ನಮ್ಮಲ್ಲಿ ನಾಮಕರಣಕ್ಕೂ ಎಲೆಗೊಂದು ಬಾಟಲಿ. “ಸಾಹೇಬ್ರೇ ಕುಡುದ್ರು” ಅನ್ನುತ್ತಾರೆ.

ಇನ್ನೊಂದು ಮಾತು. ಹೇಳಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಆ ಬಾಟಲಿಯ ನೀರು ದೇವಲೋಕದ್ದಲ್ಲ. ಯಾವುದೋ ಊರಿನ ಬೋರ್‌ವೆಲ್ಲಿನಿಂದ ಎತ್ತಿ, ಯಂತ್ರದಲ್ಲಿ ಸೋಸಿ, ತುಂಬಿ ಕಳಿಸುವುದು. ಅಲ್ಲಿ ನಿಂತು ಮುಚ್ಚಳ ಬಿಗಿಯುವ ಕೆಲಸಕ್ಕೆ ನಮ್ಮ ಕೇರಿಯಂಥ ಕೇರಿಗಳ ಮಕ್ಕಳೇ ಹೋಗುತ್ತಾರೆ. ಮುಚ್ಚಳ ಬಿಗಿದ ಮೇಲೆ ಕೈ ಯಾರದೆಂದು ಕಾಣುವುದಿಲ್ಲ, ಕುಡಿಯುವವರಿಗೆ ನೆಮ್ಮದಿ. ಅಂದರೆ ನಮ್ಮ ಕೈಯಿಂದ ಯಾರಿಗೂ ತೊಂದರೆಯಿಲ್ಲ, ಅದು ಕಣ್ಣಿಗೆ ಕಾಣಬಾರದು ಅಷ್ಟೇ. ಹೌದೋ ಅಲ್ಲವೋ?

ಅಂದು ತಾವು ಎಲ್ಲರಿಗೂ ಒಂದೊಂದು ಸ್ಟೀಲ್ ಬಾಟಲಿ ಹಂಚಿದಿರಿ. ನನಗೂ ಬಂತು. ಒಳ್ಳೆಯ ಸಾಮಾನು, ಸೋರುವುದಿಲ್ಲ. ಈಗ ಮಾಗಡಿ ಬಸ್ಸಿನಲ್ಲಿ ಎಲ್ಲರ ತೊಡೆಯ ಮೇಲೂ ಒಂದೊಂದು, ಅವರವರ ಮನೆಯ ನೀರು ಅವರವರಿಗೆ. “ಒಸಿ ನೀರಿದ್ರೆ ಕೊಡ್ರವ್ವ” ಎಂದು ಯಾರೂ ಯಾರನ್ನೂ ಕೇಳುವುದಿಲ್ಲ, ಹಾಗಾಗಿ ಯಾವೂರು, ಯಾರ ಪೈಕಿ ಎಂಬ ಮಾತೂ ಹುಟ್ಟುವುದಿಲ್ಲ. ಇದರಲ್ಲಿ ಒಳ್ಳೆಯದೂ ಇದೆ, ಯಾರ ಪೈಕಿ ಎಂಬ ಪ್ರಶ್ನೆಗೆ ಉತ್ತರ ಕೇಳಿ ಬಸ್ಸಿನಲ್ಲಿ ಜಾಗ ಬದಲಾಯಿಸಿದವರನ್ನೂ ನಾನು ಕಂಡಿದ್ದೇನೆ. ಆದರೂ ಒಬ್ಬನೇ ಇರುವವನಿಗೆ ಬೈಗುಳವಾದರೂ ಬೇಕು ಅನ್ನಿಸುತ್ತದೆ. ವಾಲ್ವು ತಿರುಗಿಸುವಾಗ “ನೀರು ಯಾವಾಗ್ಲಾ ಬುಡ್ತೀಯ” ಎಂದು ದಿನವೂ ಬೈಸಿಕೊಂಡವನು ನಾನು. ಈಗ ಆ ಬೈಗುಳ ಹೊಸ ನೀರುಗಂಟಿ ಜಯಕುಮಾರನ ಪಾಲು. ಮಧ್ಯಾಹ್ನ ಜಗಲಿಯ ಮೇಲೆ ಬಿಂದಿಗೆ ಲೋಟ ಇಟ್ಟುಕೊಂಡು ಕೂರುತ್ತೇನೆ. ಕೊರಿಯರಿನವರು ಬರುತ್ತಾರೆ. ನೀರು ಕುಡೀರಪ್ಪ ಅಂದರೆ ಬೈಕಿಗೆ ಸಿಕ್ಕಿಸಿದ ಬಾಟಲಿ ತೋರಿಸಿ ನಗುತ್ತಾರೆ. ಸಂಜೆ ಆ ನೀರನ್ನು ತಾವು ಕೊಟ್ಟ ಸ್ಟೀಲ್ ಬಾಟಲಿಗೆ ತುಂಬಿಸಿಕೊಂಡು ನಾನೇ ಕುಡಿಯುತ್ತೇನೆ.

ಕಾರ್ತೀಕ ಕಳೆದ ಮೊದಲ ಭಾನುವಾರ ಚಿಕ್ಕಲಕ್ಷ್ಮಮ್ಮನ ವರ್ಷದ ತಿಥಿ. ಊರಿಗೆಲ್ಲ ಹೇಳುತ್ತಿದ್ದೇನೆ. ಅಡುಗೆಗೆ ಮಾಗಡಿಯಿಂದ ಕಂಟ್ರಾಕ್ಟಿನವರು ಬರಲಿ, ಆಗ ಎಲ್ಲರೂ ಉಣ್ಣುತ್ತಾರೆ ಎಂದ ನನ್ನ ತಮ್ಮನ ಮಗ ನರೇಂದ್ರ, ಕನಕಪುರದಲ್ಲಿ ಮೇಷ್ಟ್ರು. ಒಪ್ಪಿದೆ. ನಮಗೆ ಮಕ್ಕಳಿಲ್ಲ, ಅವನೇ ಮಗ. ಆಮೇಲೆ ಅವನು ಎರಡನೆಯ ಮಾತು ತೆಗೆದ.

“ದೊಡ್ಡಪ್ಪ, ಎಲೆಗೊಂದು ಸಣ್ ಬಾಟ್ಲು ಮಡಗಿಬುಡಾನ. ಅವರ ಮರ್ವಾದೆನೂ ಉಳೀತದೆ, ನಮ್ದೂ ಉಳೀತದೆ.”

“ನಿಮ್ ದೊಡ್ಡವ್ವನ ಆಸೆ?”

“ದೊಡ್ಡವ್ವ ಈಗ ನೋಡಾಕೆ ಬತ್ತಾಳಾ? ನೀನು ಜಗ್ ಹಿಡ್ಕಂಡು ನಿಂತು, ಎಲೆಗಳೆಲ್ಲ ಖಾಲಿ ಉಳುದ್ರೆ, ನಿನ್ ಮೊಕ ನೋಡಾಕೆ ನನ್ ಕೈಲಿ ಆಗಾಕಿಲ್ಲ.”

ಹಾಗೆಂದವನು ಎದ್ದು ಬಾಗಿಲಾಚೆ ಹೋಗಿ, ನನಗೆ ಬೆನ್ನು ಮಾಡಿ ನಿಂತ. ಅವನ ಮಾತು ಸುಳ್ಳಲ್ಲ. ಬಾಟಲಿ ಇಟ್ಟರೆ ಪಂಕ್ತಿ ತುಂಬುತ್ತದೆ, ಇಡದಿದ್ದರೆ ಏನಾಗುತ್ತದೋ ಗೊತ್ತಿಲ್ಲ. ಅದು ಒಂದಷ್ಟು ಮಟ್ಟಿಗೆ ತಮ್ಮ ಕೈಯಲ್ಲಿದೆ.

ಆದ್ದರಿಂದ ಕೇಳುತ್ತಿದ್ದೇನೆ. ತಿಥಿಗೆ ಮುಂಚೆ ನಮ್ಮ ಟ್ಯಾಂಕಿನ ನೀರು ಪರೀಕ್ಷೆ ಮಾಡಿಸಿ, ಏನು ಬಂತೆಂದು ನಲ್ಲಿಯ ಪಕ್ಕ ಅಂಟಿಸಿ. ಕೆಟ್ಟಿದ್ದರೆ ಶುದ್ಧ ಮಾಡಿಸಿ. ಆಮೇಲೆ ಆ ಭಾನುವಾರ, ತಮಗೂ ರಜೆ, ಬನ್ನಿ. ಬ್ಯಾನರು ಬೇಡ, ಹಾರ ಬೇಡ, ಬ್ಯಾಗನ್ನು ಕಾರಿನಲ್ಲೇ ಬಿಡಿ. ಆ ಹೊತ್ತಿಗೆ ಅವರೆಕಾಯಿ ಬಂದಿರುತ್ತದೆ, ಮುದ್ದೆಗೆ ಅದರದೇ ಸಾರು. ಮೊದಲ ಎಲೆ ತಮ್ಮದು, ಎರಡನೆಯದು ಚೆಲುವಯ್ಯನವರದು. ತಾವು ಅಂದು ಮುಟ್ಟದೆ ಬಿಟ್ಟ ಲೋಟವನ್ನು ತೊಳೆದು ಬೋರಲು ಹಾಕಿದ್ದೇನೆ, ಅದರಲ್ಲೇ ಕೊಡುತ್ತೇನೆ.

ತಾವು ಬಾರದಿದ್ದರೂ ಬಾಟಲಿ ಇಡುವುದಿಲ್ಲ ಎಂದು ನರೇಂದ್ರನಿಗೆ ಹೇಳಿಯಾಯಿತು. ಎಲೆ ಹಾಸಿ, ಲೋಟ ಇಟ್ಟು, ಜಗ್ಗು ಹಿಡಿದು ನಿಲ್ಲುತ್ತೇನೆ. ಸಾರು ಆರಿದರೆ ಆರಲಿ. ಎಲ್ಲ ಎಲೆಯೂ ಖಾಲಿ ಉಳಿಯಲಾರದು, ಸನಾವುಲ್ಲಾ ಬರುತ್ತೇನೆಂದಿದ್ದಾರೆ. ಮೈಕು ಮಾತ್ರ ತರಬೇಡಿ ಎಂದಿದ್ದೇನೆ.

ಇಂತಿ,
ಊರಿಗೆಲ್ಲ ನೀರು ಬಿಟ್ಟು, ಒಬ್ಬರಿಗೂ ಬಡಿಸದೆ ನಿವೃತ್ತನಾದ ತಮ್ಮ ಹಳೆಯ ನೀರುಗಂಟಿ
ಮುನಿಶಾಮಯ್ಯ
ತಿಪ್ಪಸಂದ್ರ ಹೋಬಳಿ, ಮಾಗಡಿ ತಾಲ್ಲೂಕು