ತಾತನಿಗೆ ಸೀಟಿಲ್ಲ ಎಂದೆ

ನವೆಂಬರ್ 16, ಭಾನುವಾರ. ಊರಿಗಾಂ.

ಇವತ್ತು ತಾತನಿಗೆ ಸುಳ್ಳು ಹೇಳಿದೆ. ಅದೇ ಕೊರೆಯುತ್ತಿದೆ.

ಮಧ್ಯಾಹ್ನ ಮುದ್ದೆ ಮುರಿಯುತ್ತಾ ಕೇಳಿದರು: "ಕೇಜಲ್ಲಿ ಜನಾನ ಇಳ್ಸೋಕ್ ಮುಂಚೆ ನಮ್ ಕೈಲಿ ಆರು ವರ್ಸ ಬರೀ ಕಲ್ಲು ಎಳೆಸಿದ್ರು ಕಣಮ್ಮ. ನೀನೆಷ್ಟು ವರ್ಸ ಕಲ್ಲು ಎಳ್ದೆ?"

ಗಣಿಯೊಳಗೆ ಆಳುಗಳು ನಿಲ್ಲುವ ಕಬ್ಬಿಣದ ಪಂಜರವನ್ನು, ಅಂದರೆ ಕೇಜನ್ನು, ಇಳಿಸಿ ಏರಿಸುವ ಇಂಜಿನ್ ಓಡಿಸಿದವರು ಅವರು. ಮೊದಲು ವರ್ಷಗಟ್ಟಲೆ ಆ ಇಂಜಿನ್ನಿನಲ್ಲಿ ಕಲ್ಲು ಮಾತ್ರ ಮೇಲೆಳೆದು, ಕೈ ಪಳಗಿದ ಮೇಲೆಯೇ ಜನ. ಬಲಗೈ ಈಗಲೂ ಲಿವರ್ ಹಿಡಿದಂತೆಯೇ ಮಡಚಿಕೊಂಡಿರುತ್ತದೆ. ನಾನೋ, ಪುಟ್ಟ ವಿಮಾನದಲ್ಲಿ ಇನ್ನೂರು ಗಂಟೆ ಹಾರಿ, ನೇರವಾಗಿ ಪ್ರಯಾಣಿಕರ ದೊಡ್ಡ ವಿಮಾನದಲ್ಲಿ ಕ್ಯಾಪ್ಟನ್ ಪಕ್ಕದ ಸೀಟಿಗೆ ಬಂದವಳು. ಸಿಮ್ಯುಲೇಟರ್ ಇದೆ, ಪರೀಕ್ಷೆಗಳಿವೆ, ಎಲ್ಲದರಲ್ಲೂ ಪಾಸಾಗಿದ್ದೇನೆ ಎಂದೆ. ತಾತ ನಂಬಿದರು. ನನಗೇ ನಂಬಿಕೆ ಬರಲಿಲ್ಲ.

ಗುರುವಾರ ಇಳಿಯುವಾಗ ಅಡ್ಡಗಾಳಿ ಹೊಡೆದು ರೆಕ್ಕೆ ವಾಲಿತು. ನನ್ನ ಕೈ ಒಂದು ಕ್ಷಣ ಮರಗಟ್ಟಿತು. ಕ್ಯಾಪ್ಟನ್ ತಾವೇ ಹಿಡಿದು ಇಳಿಸಿದರು. ಆಮೇಲೆ ಬೈಯಲಿಲ್ಲ. "ಗಂಟೆ ಕೂಡಿದ ಹಾಗೆ ಬರುತ್ತಮ್ಮ" ಅಂದರು. ಆ ಗಂಟೆಗಳು ಕೂಡುವುದು ಬೆನ್ನ ಹಿಂದೆ ಜನರನ್ನು ಕೂರಿಸಿಕೊಂಡೇ ಅಲ್ಲವೆ? ಕಲ್ಲು ಹೇರಿಕೊಂಡು ಅಲ್ಲವಲ್ಲ.

ಕೈ ತೊಳೆದು ಬಂದು ತಾತ ಮೆಲ್ಲಗೆ ಅಂದರು: "ಕಣ್ಣು ಮುಚ್ಚೋದ್ರೊಳ್ಗೆ ಒಂದ್ ಕಿತ ನನ್ನೂ ನಿನ್ ಇಮಾನದಾಗೆ ಕೂರಿಸ್ಕೊಂಡೋಗಮ್ಮ. ನಾಳೆನೇ ಆದ್ರೂ ಬತ್ತೀನಿ."

"ಸೀಟಿಲ್ಲ ತಾತ, ಎಲ್ಲ ಭರ್ತಿ" ಅಂದುಬಿಟ್ಟೆ. ಮುಖ ಸಣ್ಣಗೆ ಮಾಡಿಕೊಂಡು, "ಓಗ್ಲಿ ಬಿಡು" ಅಂದರು.

ನಾಳೆ ಬೆಳಿಗ್ಗೆ ನಾನು ಹಾರಿಸುವ ವಿಮಾನದಲ್ಲಿ ಹತ್ತು ಸೀಟು ಖಾಲಿ ಇವೆ. ಸಂಜೆ ಫೋನಿನಲ್ಲಿ ನೋಡಿದೆ.

ಮಿಕ್ಕ ಸೀಟುಗಳ ನೂರೆಪ್ಪತ್ತು ಜನರಿಗೆ ನಾನು "ಹತ್ತಬೇಡಿ" ಅಂದಿಲ್ಲ.