ಅತ್ತೆ ಕೇಳಿಸಿಕೊಳ್ಳದ ಸುದ್ದಿ

ಶನಿವಾರ, ಮಧ್ಯಾಹ್ನ
ಲಾಡ್ಜಿನ ವರಾಂಡ

ನಮ್ಮ ಅತ್ತೆಯವರ ಏಕೈಕ ಪುತ್ರರತ್ನಕ್ಕೆ,

ನಾವಿಬ್ಬರೂ ಕ್ಷೇಮ. ಸಮುದ್ರವೂ ಕ್ಷೇಮ. ನಿನ್ನ ಕ್ಷೇಮವನ್ನು ನಾನು ವಿಚಾರಿಸುವುದಿಲ್ಲ. ಆ ಕೆಲಸವನ್ನು ನಿಮ್ಮಮ್ಮ ಗಂಟೆಗೊಮ್ಮೆ ಮಾಡುತ್ತಿದ್ದರು, ಅದೂ ನನ್ನ ಹತ್ತಿರ. ಫೋನ್ ಮಾಡಬಹುದಿತ್ತು. ಮಾಡಿದರೆ ನೀನು ಮೀಟಿಂಗಿನಲ್ಲಿದ್ದೇನೆ ಎನ್ನುತ್ತೀ. ಕಾಗದಕ್ಕೆ ಹಾಗೆ ಹೇಳಿ ತಪ್ಪಿಸಿಕೊಳ್ಳಲಾಗದು, ಅದಕ್ಕೇ ಇದು.

ನಿನ್ನ ಯೋಜನೆಯನ್ನು ನಿನಗೇ ಇನ್ನೊಮ್ಮೆ ಒಪ್ಪಿಸುತ್ತೇನೆ, ಬರೆದಾಗ ಹೇಗೆ ಕಾಣುತ್ತದೆ ನೋಡು. ನಾವು ಬೇರೆಯಾಗಿ ಆರು ತಿಂಗಳಾಯಿತು. ಅಮ್ಮ ಊರಿಂದ ಬಂದಾಗಲೆಲ್ಲ ನೀನು ಸೂಟ್‌ಕೇಸ್ ಸಮೇತ ಮನೆಗೆ ಬಂದು ಗಂಡನಾಗುತ್ತಿದ್ದೆ. ಅವರು ಹೊರಟ ಮರುದಿನ ಬಾಡಿಗೆ ರೂಮಿಗೆ ವಾಪಸು. ಈ ನಾಟಕ ಸಾಕು, ಅಮ್ಮನಿಗೆ ಹೇಳಿಬಿಡೋಣ ಎಂದವನು ನೀನೇ. ಮೂವರೂ ಸಮುದ್ರ ನೋಡಲು ಹೋಗೋಣ, ಅಲ್ಲಿ ಗಾಳಿಗೆ ಅವರ ಮನಸ್ಸು ಹಗುರಾಗಿರುತ್ತದೆ ಎಂದವನೂ ನೀನೇ. ಆಮೇಲೆ ನಮ್ಮ ಬ್ಯಾಗುಗಳನ್ನು ಸೀಟಿನಡಿ ತಳ್ಳಿ, ಆಫೀಸಿನಲ್ಲಿ ಅರ್ಜೆಂಟು ಎಂದು ರೈಲಿನಿಂದ ಇಳಿದುಹೋದವನು ಯಾರು? ಇಳಿಯುವಾಗ ನನ್ನ ಕಿವಿಯಲ್ಲಿ, "ನೀನೇ ಹೇಳ್ಬಿಡು, ನಿನಗೆ ಅಭ್ಯಾಸ ಇದೆಯಲ್ಲ" ಅಂದೆ. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೂತು ರಿಪೋರ್ಟು ಕೊಡುವವಳು ನಾನು, ನಿಜ. ಆದರೆ ನಾನು ಕೊಡುವುದು ಅಂಟಿಸಿದ ಕವರು. ಒಳಗಿರುವುದನ್ನು ಹೇಳುವವರು ಡಾಕ್ಟರು. ಹದಿನೆಂಟು ವರ್ಷ ಸಂಸಾರ ಮಾಡಿ ನಿನಗೆ ಇಷ್ಟೂ ತಿಳಿಯಲಿಲ್ಲ.

ಇಲ್ಲಿ ಬಿಳಿ ಕಟ್ಟಡ, ಬಿಳಿ ಮೆಟ್ಟಿಲು, ಕಣ್ಣು ಬಿಡಲಾಗದ ಬಿಸಿಲು. ನನಗೆ ತಲೆನೋವು, ನಿಮ್ಮಮ್ಮನಿಗೆ ಹಬ್ಬ. ಮೊದಲ ದಿನ ಬೆಳಿಗ್ಗೆಯೇ ಅವರನ್ನು ಕಡಲ ದಂಡೆಯ ಕಟ್ಟೆಯ ಮೇಲೆ ಕೂರಿಸಿ, ನಿಮ್ಮ ಹತ್ತಿರ ಒಂದು ಮಾತಿತ್ತು ಎಂದೆ. "ಮಾತೇನು ಓಡಿ ಹೋಗುತ್ತಾ? ಅಲೆ ಹೋಗುತ್ತೆ ಕಣೇ, ಬಾ!" ಎಂದು ಸೀರೆ ಎತ್ತಿಕಟ್ಟಿ ನೀರಿಗೆ ಇಳಿದೇಬಿಟ್ಟರು. ಮಂಡಿನೋವೆಂದು ನಮ್ಮ ಮನೆಯ ಮೆಟ್ಟಿಲು ಹತ್ತಲು ಅಳುವವರು! ನನ್ನ ಮಣಿಕಟ್ಟು ಹಿಡಿದುಕೊಂಡು ಒಂದೊಂದು ಅಲೆಗೂ ಚೀರಿದರು. ಸಂಜೆ ಐಸ್‌ಕ್ರೀಮ್ ಅಂಗಡಿಯವನ ಮುಂದೆ ನಿನ್ನ ಗುಣಗಾನ. "ನಮ್ಮನ್ನ ಕಳ್ಸಿದ್ದು ನನ್ನ ಮಗ. ಹೆಂಡ್ತೀನ ಹೀಗೆ ನೋಡ್ಕೊಳ್ಳೋರು ಎಷ್ಟು ಜನ ಇದಾರೆ, ನೀವೇ ಹೇಳಿ." ಅಂಗಡಿಯವನು ನನ್ನ ಮುಖ ನೋಡಿದ. ನಾನು ಕರಗುತ್ತಿದ್ದ ಐಸ್‌ಕ್ರೀಮಿನ ಕಡೆ ಗಮನ ಕೊಟ್ಟೆ.

ಯಾಕೆ ಹೇಳಲಿಲ್ಲ ಎಂದು ನನ್ನನ್ನೇ ಕೇಳಿಕೊಂಡೆ. ಅವರ ಖುಷಿ ಕೆಡಿಸಬಾರದೆಂದೇ? ಅಷ್ಟು ಒಳ್ಳೆಯವಳಲ್ಲ ನಾನು. ಇಂಗ್ಲಿಷಿನಲ್ಲಿ ಓದಿದ ಬುದ್ಧಿ, ಹೇಳಬೇಕಾದ ಮಾತನ್ನು ಆ ಭಾಷೆಯಲ್ಲೇ ಹೊಂದಿಸಿಟ್ಟಿದ್ದೆ. ಅಲ್ಲಿ ಅದು ಇಸ್ತ್ರಿ ಮಾಡಿದ ಹಾಗೆ ನಯವಾಗಿತ್ತು. ಅತ್ತೆಗೆ ಅರ್ಥವಾಗುವಂತೆ ಹೇಳಲು ಹೋದರೆ "ನಾವು ಒಬ್ಬರನ್ನೊಬ್ಬರು ಬಿಟ್ಟಿದ್ದೇವೆ" ಎನ್ನುವುದಷ್ಟೇ ಉಳಿಯಿತು. ನಿನ್ನನ್ನು ಬಿಟ್ಟಿರುವುದು ನನಗೆ ರೂಢಿಯಾಗಿದೆ. ನಿನ್ನ ಜೊತೆಗೆ ಇವರನ್ನೂ ಬಿಡಬೇಕೋ ಏನು ಎನ್ನುವುದನ್ನು ನಾವಿಬ್ಬರೂ ಒಂದು ದಿನವೂ ಮಾತಾಡಲಿಲ್ಲ. ಸುದ್ದಿ ಹೇಳಿದ ಮೇಲೆ ಅವರು ನನ್ನ ಮಣಿಕಟ್ಟು ಹಿಡಿಯುತ್ತಾರೋ ಇಲ್ಲವೋ, ಅದೇ ನನ್ನನ್ನು ತಡೆದಿದ್ದು.

ನಿನ್ನೆ ಹಳೆಯ ಬಂದರು ಪಟ್ಟಣಕ್ಕೆ ಹೋದೆವು, ಪ್ರವಾಸಿಗಳ ಬಸ್ಸಿನಲ್ಲಿ ಅರ್ಧ ಗಂಟೆ. ಕಲ್ಲಿನ ಉಗ್ರಾಣಗಳು, ಬೀಗ ಹಾಕಿದ ಸುಂಕದ ಕಚೇರಿ, ಹಡಗು ಬಂದು ನಿಲ್ಲುತ್ತಿದ್ದ ಧಕ್ಕೆ, ಅದರ ಗೋಡೆಯಲ್ಲಿ ಹಗ್ಗ ಕಟ್ಟುತ್ತಿದ್ದ ದೊಡ್ಡ ದೊಡ್ಡ ಕಬ್ಬಿಣದ ಬಳೆಗಳು. ಹಡಗು ಮಾತ್ರ ಇಲ್ಲ. ಬಳೆಗಳ ಕೆಳಗೆ ಹುಲ್ಲು, ಹುಲ್ಲಿನಲ್ಲಿ ಒಂದು ಮೇಕೆ. ಹೊಳೆ ವರ್ಷವರ್ಷವೂ ಮರಳು ತಂದು ಸುರಿದು ಬಂದರು ಮುಚ್ಚಿಹೋಯಿತು, ವ್ಯಾಪಾರವೆಲ್ಲ ನಗರದ ಪಾಲಾಯಿತು ಎಂದು ಗೈಡ್ ವಿವರಿಸಿದ. ನಿಮ್ಮಮ್ಮ ಬಿಡುತ್ತಾರೆಯೇ? "ಮರಳು ತುಂಬೋದು ಕಣ್ಣಿಗೆ ಕಾಣುತ್ತಲ್ಲಪ್ಪ, ಊರೋರೆಲ್ಲ ಏನ್ ಮಾಡ್ತಿದ್ರು?" ತೆಗೆಯುತ್ತಲೇ ಇದ್ದರಂತೆ ಎಂದು ಅವನು ಸಮಾಧಾನ ಹೇಳಿದ. "ನೆಟ್ಟಗೆ ತೆಗ್ದಿಲ್ಲ, ಬಿಡಿ" ಎಂದು ಇವರು ತೀರ್ಪು ಕೊಟ್ಟರು. ಗುಂಪೆಲ್ಲ ನಕ್ಕಿತು. ಅವರು ಹೇಳಿದ್ದು ಬಂದರಿನ ವಿಷಯ, ನನಗೆ ಗೊತ್ತು. ಆದರೂ ಮೈಯೆಲ್ಲ ಉರಿಯಿತು. ನಾನೇನು ಕಡಿಮೆ ತೆಗೆದಿದ್ದೆನೇ?

ಉಳಿದವರು ದೀಪಸ್ತಂಭ ಹತ್ತಲು ಹೋದರು. ನಾವಿಬ್ಬರೇ ಧಕ್ಕೆಯ ಕಲ್ಲಿನ ಮೇಲೆ ಕೂತೆವು. ಆ ಉರಿಯಲ್ಲೇ ಹೇಳಿಬಿಟ್ಟೆ. ಆರು ತಿಂಗಳು, ರೂಮು, ಸೂಟ್‌ಕೇಸು, ಎಲ್ಲ. ಯಾರದ್ದೂ ತಪ್ಪಿಲ್ಲ ಎಂದೂ ಸೇರಿಸಿದೆ. ಅದು ಸುಳ್ಳೆಂದು ನಿನಗೂ ಗೊತ್ತು, ನನಗೂ ಗೊತ್ತು.

ಅವರು ಮೇಕೆಯನ್ನೇ ನೋಡುತ್ತ ಕೂತರು. ಅಳುತ್ತಾರೆಂದು ನಾನು ಕರ್ಚೀಫು ತೆಗೆದಿಟ್ಟುಕೊಂಡಿದ್ದೆ. "ನಾನಿದನ್ನ ಕೇಳಿಸ್ಕೊಂಡಿಲ್ಲ" ಎಂದರು. ಗಾಳಿಗೆ ಕೇಳಿಸಲಿಲ್ಲವೇನೋ ಎಂದು ದಡ್ಡಿಯಂತೆ ಮತ್ತೆ ಮೊದಲಿನಿಂದ ಶುರುಮಾಡಿದೆ. "ಕಿವುಡಿ ಅಲ್ಲ ಕಣೇ ನಾನು! ಕೇಳಿಸ್ಕೊಂಡಿಲ್ಲ ಅಂದೆ. ಹೆತ್ತೋಳ ಹತ್ರ ಹೇಳೋಕೆ ಅವನಿಗೆ ಬಾಯಿಲ್ವಾ? ಅವನೇ ಬಂದು ನನ್ನೆದುರು ನಿಂತು ಹೇಳ್ಲಿ. ಅಲ್ಲೀವರೆಗೂ ನೀನು ಹೇಳಿಲ್ಲ, ನಾನು ಕೇಳಿಲ್ಲ." ಹೀಗೂ ಉಂಟೇ? ಇಷ್ಟು ವರ್ಷದಲ್ಲಿ ನಾನು ಮಾಡಿದ ಅತಿ ಕಷ್ಟದ ಕೆಲಸವನ್ನು ಮಾಡಿಯೇ ಇಲ್ಲವೆಂದು ಆಯಿತು. ಅವರು ಎದ್ದು ಹೋಗಿ, ಅಲ್ಲೇ ಮಾರುತ್ತಿದ್ದ ಹುಲ್ಲಿನ ಟೋಪಿಯೊಂದನ್ನು ಕೊಂಡು ತುರುಬಿನ ಮೇಲೆ ಕೂರಿಸಿಕೊಂಡರು. ಬಸ್ಸು ಹತ್ತಿದೆವು. ಅರ್ಧ ದಾರಿಯಲ್ಲಿ ಬಿಸಿಲು ನನ್ನ ಕಡೆಗೆ ತಿರುಗಿದಾಗ ಟೋಪಿ ಕಿತ್ತು ನನ್ನ ತಲೆಗೆ ಒತ್ತಿದರು. ಮುಖ ಮಾತ್ರ ಆಚೆಗೇ ಇತ್ತು.

ಇವತ್ತು ಬೆಳಿಗ್ಗೆ ನಮ್ಮ ರೈಲು ನಮ್ಮನ್ನು ಬಿಟ್ಟು ಹೋಯಿತು. ಮಗ ಬರುವವರೆಗೆ ಇಲ್ಲಿಂದ ಏಳುವುದಿಲ್ಲವಂತೆ. ಲ್ಯಾಬಿನವರು ನನಗೆ ಬೈದಾಯಿತು. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಇಲ್ಲಿ ಮಾಡಿದವನು ನೀನು, ಉಣ್ಣುತ್ತಿರುವವಳು ನಾನು. ಅಮ್ಮನೊಬ್ಬರನ್ನೇ ಅಲ್ಲಿ ಬಿಟ್ಟು ನೀನು ಹೊರಡಬಹುದಲ್ಲ ಎಂದು ನನ್ನನ್ನು ಕೇಳುತ್ತೀ. ಹೌದು, ಹೊರಡಬಹುದು. ಬೆಳಿಗ್ಗೆಯಿಂದ ಅದನ್ನೇ ಯೋಚಿಸುತ್ತ ವರಾಂಡದಲ್ಲಿ ಕೂತಿದ್ದೇನೆ.

ಬಾ. ಚೆನ್ನಾಗಿ ಹೇಳುವುದೇನೂ ಬೇಡ. ಹೇಳು, ಸಾಕು.

ಇತಿ,
ರಜೆ ಮುಗಿದರೂ ಬಿಡುಗಡೆಯಾಗದವಳು

ಮರೆತ ಮಾತು: ಈಗಷ್ಟೇ ರೂಮನ್ನು ಇನ್ನೊಂದು ವಾರಕ್ಕೆ ಮುಂದುವರಿಸಲು ಕೆಳಗೆ ಹೋಗಿದ್ದೆವು. ಮ್ಯಾನೇಜರು ನನ್ನನ್ನು ತೋರಿಸಿ, ಇವರು ನಿಮಗೇನಾಗಬೇಕು ಎಂದು ಅತ್ತೆಯನ್ನು ಕೇಳಿದರು. ಉತ್ತರ ಏನು ಬರುತ್ತದೋ ಎಂದು ನಾನು ನೆಲ ನೋಡಿದೆ. "ಕೇಳೋದೇನಿದೆ, ಸೊಸೆ" ಎಂದರು. "ಇವಳನ್ನ ಹುಡುಕಿ ಮನೆಗೆ ತಂದೋಳು ನಾನು, ಅವನಲ್ಲ." ಅವನು ಯಾರೆಂದು ಮ್ಯಾನೇಜರಿಗೆ ತಿಳಿಯಲಿಲ್ಲ. ಆದರೂ ರಿಜಿಸ್ಟರಿನಲ್ಲಿ ಸೊಸೆ ಎಂದು ಬರೆದುಕೊಂಡರು.