ಮೂರು ಲಕ್ಷದ ಉಪವಾಸ

ನನ್ನ ಕಿವಿ ಹಿಂಡಿ ಬೆಳೆಸಿದ ಎಸ್ತೇರಕ್ಕನಿಗೆ, ನಿನ್ನ ತಮ್ಮ ದಾನಿ ಹೇಳುವ ಸ್ತೋತ್ರ.

ಜಯನಗರದ ಕನ್ನಡಿ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದು ನನ್ನಿಂದಲೇ ಎಂಬುದು ನಿನಗೆ ಗೊತ್ತಿರುವ ವಿಷಯ. ನಾನು ಪಾಲಿಶ್ ಹಾಕಿದ ಮೊಸಾಯಿಕ್ ನೆಲದಲ್ಲಿ ಮುಖ ನೋಡಿಕೊಂಡು ಗಂಡಸರು ಗಡ್ಡ ಹೆರೆಯುತ್ತಿದ್ದರು, ಹೆಂಗಸರು ಹಣೆಗೆ ಇಟ್ಟುಕೊಳ್ಳುತ್ತಿದ್ದರು. ಹಾಗಿರುವಾಗ ಕನ್ನಡಿಯನ್ನು ಯಾರು ಕೊಳ್ಳುತ್ತಾರೆ? ಒಬ್ಬ ಜಡ್ಜ್ ಸಾಹೇಬರಂತೂ ನನ್ನ ನೆಲದ ಮೇಲೆ ಕಾಲಿಡಲು ಮನಸ್ಸು ಬಾರದೆ ವಾರವಿಡೀ ಹೋಟೆಲಿನಲ್ಲಿ ಇದ್ದರು. ಇದನ್ನು ಹೇಳಿದಾಗಲೆಲ್ಲ ನೀನು, "ಥೂ, ಭಾನುವಾರನಾದ್ರೂ ನಿಜ ಹೇಳೋ" ಎನ್ನುತ್ತಿದ್ದೆ. ಈಗ ಹಾಗೆ ಉಗಿಯುವವರು ಯಾರೂ ಇಲ್ಲ. ಸುಳ್ಳಿನ ರುಚಿಯೂ ಹೋಗಿದೆ, ಅಕ್ಕ.

ಜರಗನಹಳ್ಳಿಯ ವಠಾರದ ನಿನ್ನ ಬಾಗಿಲಿಗೆ ನಾನು ಟ್ರಂಕು ಹೊತ್ತು ಬಂದ ಮಧ್ಯಾಹ್ನ ನೆನಪಿದೆಯಾ? ನೀನು ಯಾರದೋ ಸೀರೆಗೆ ಫಾಲ್ ಹೊಲಿಯುತ್ತಾ ಕೂತಿದ್ದೆ. ಭಾವ ತೀರಿಕೊಂಡು ಆಗಲೇ ವರ್ಷಗಳಾಗಿದ್ದವು; ಒಂದೇ ಕೋಣೆ, ಅದರಲ್ಲೇ ಅಡುಗೆ, ಅದರಲ್ಲೇ ಪ್ರಾರ್ಥನೆ. ನಾನು ಹೊಸ್ತಿಲಲ್ಲೇ ಕುಸಿದು ಅತ್ತೆ. "ಹೋಯ್ತು ಅಕ್ಕ. ಬಿಟಿಎಂನಲ್ಲಿ ದೊಡ್ಡ ಅಪಾರ್ಟ್‌ಮೆಂಟು, ಅಷ್ಟೂ ನೆಲದ ಕಂಟ್ರಾಕ್ಟು ನಂದೇ ಆಗ್ತಿತ್ತು. ಕೊಡಿಸ್ತೀನಿ ಅಂತ ಅಡ್ವಾನ್ಸ್ ಇಸ್ಕೊಂಡು ಆ ನನ್ಮಗ ಓಡೋದ." ಎಷ್ಟು ಎಂದು ನೀನು ಕೇಳಲಿಲ್ಲ. ನಾನೇ ಹೇಳಿದೆ. "ಮೂರು ಲಕ್ಷ!" ನೀನು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, "ಕೈ ತೊಳ್ಕೋ. ಮುದ್ದೆ ಬಿಸಿಯಾಗಿದೆ" ಎಂದೆ. ನನ್ನ ಬಡಾಯಿಗಳನ್ನೆಲ್ಲ ಮೊರದಲ್ಲಿ ಕೇರಿ ಎಸೆಯುತ್ತಿದ್ದವಳು ಅದೊಂದನ್ನು ಹೇಗೆ ನಂಬಿಬಿಟ್ಟೆ? ಅಳುತ್ತಾ ಹೇಳಿದೆ ಎಂದಾ? ಅಳು ನಿಜವಾಗಿತ್ತು, ಅಕ್ಕ. ಮೊತ್ತ ಮಾತ್ರ...

ಆ ವಾರದ ಶುಕ್ರವಾರ ಶುರುವಾದದ್ದು ಆಮೇಲೆ ಒಂದು ಶುಕ್ರವಾರವೂ ತಪ್ಪಲಿಲ್ಲ. ಚರ್ಚಿನ ಸಭೆಯ ಹೆಂಗಸರು ನಮ್ಮ ಕೋಣೆಯಲ್ಲಿ ಚಾಪೆ ಹಾಸಿ ಕೂತರು. ಚಿಕ್ಕಲಸಂದ್ರದಿಂದ ನಿನ್ನ ಗೆಳತಿ ಸುಗುಣಮ್ಮ ಬಸ್ಸು ಹಿಡಿದು ಬಂದಿದ್ದಳು. ಬೆಳಗ್ಗೆಯಿಂದ ಯಾರ ಹೊಟ್ಟೆಗೂ ಏನೂ ಇಲ್ಲ. ಉಪವಾಸ ಪ್ರಾರ್ಥನೆ, ನನ್ನ ಮೂರು ಲಕ್ಷಕ್ಕಾಗಿ. ನಾನು ಪರದೆಯ ಆಚೆ ಒಲೆಯ ಪಕ್ಕದಲ್ಲಿ ನಿಂತು ಕೇಳುತ್ತಿದ್ದೆ.

"ಬಡ್ಡಿ ಸೇರಿಸಿ ಬೇಡೋಣ್ವಾ, ಎಸ್ತೇರಮ್ಮ?" ಎಂದಳು ಸುಗುಣಮ್ಮ.

"ಬೇಡ ಕಣೇ. ಅಸಲು ಬಂದ್ರೆ ಸಾಕು. ದೇವರ ಹತ್ರ ಆಸೆಬುರುಕತನ ಆಗಲ್ಲ."

ಆಮೇಲೆ ನೀನು ದನಿ ಎತ್ತಿ ಬೇಡಿದೆ: ನೂರರ ನೋಟಾದರೂ ಸರಿ, ಐನೂರರದ್ದಾದರೂ ಸರಿ, ನನ್ನ ತಮ್ಮನಿಗೆ ಅವನದು ಸೇರಲಿ. ನಾನು ಸುಮ್ಮನಿರಲಾರದೆ ಪರದೆಯಾಚೆಯಿಂದ, "ಅಕ್ಕಾ, ಚಿಲ್ಲರೆ ಮಾತ್ರ ಬೇಡ ಅಂತ ಹೇಳು" ಎಂದೆ. ಹೆಂಗಸರೆಲ್ಲ ಕಿಸಕ್ಕನೆ ನಕ್ಕರು. ನೀನು ಎದ್ದು ಬಂದು ಕಿವಿ ಹಿಂಡಿ, ಮತ್ತೆ ಮೊಣಕಾಲೂರಿದೆ. ಅವತ್ತೇ ಹೇಳಿಬಿಡಬಹುದಿತ್ತು. ನಗುವಿನ ಜೊತೆ ಅದೂ ಹೋಗಿಬಿಡುತ್ತಿತ್ತು. ಯಾಕೆ ಹೇಳಲಿಲ್ಲ?

ಯಾಕೆಂದರೆ ಮುಂದಿನ ಭಾನುವಾರ ಜೆ.ಪಿ. ನಗರದ ನಮ್ಮ ಶೀಟಿನ ಚರ್ಚಿನಲ್ಲಿ ಹಿರಿಯರು ನನಗೆ ಕುರ್ಚಿ ಕೊಟ್ಟರು. ಊರಿನ ಮಿಷನ್ ಸ್ಕೂಲಿನಲ್ಲಿ ನಾಲ್ಕು ಕ್ಲಾಸು ಓದಿ, ಯಾರದೋ ಪಾಲಿಶ್ ಮಿಷನ್ನಿನ ಹಿಂದೆ ಬಗ್ಗಿ ಕೆಸರು ತಳ್ಳಿದವನಿಗೆ ಅದಕ್ಕೂ ಮುಂಚೆ ಯಾರು ಕುರ್ಚಿ ಕೊಟ್ಟಿದ್ದರು? "ಪಾಪ, ದೊಡ್ಡ ಹೊಡೆತ" ಎಂದು ಪಾದ್ರಿ ಅಯ್ಯನವರೇ ಹೆಗಲು ತಟ್ಟಿದರು. ಆಮೇಲಾಮೇಲೆ ಎಲ್ಲ ಮನೆಗಳಿಗೂ ಟೈಲ್ಸು ಬಂತು, ಮೊಸಾಯಿಕ್ ಕೇಳುವವರಿಲ್ಲದೆ ಆಮೇಲೆ ಹೇಗೋ ಹೊಂದಿಸಿಕೊಂಡಿದ್ದ ನನ್ನ ಹಳೇ ಮಿಷನ್ನು ವಠಾರದ ಮೂಲೆಯಲ್ಲಿ ತುಕ್ಕು ಹಿಡಿಯಿತು. ಆಗ ನನ್ನದು ಅಂತ ಉಳಿದದ್ದು ಕಳೆದುಕೊಂಡ ಆ ಮೂರು ಲಕ್ಷ ಮಾತ್ರ. ಅದನ್ನೂ ಬಿಟ್ಟುಕೊಟ್ಟರೆ ನಾನು ಯಾರು?

ಕರ್ತನ ಭೋಜನದ ಒಂದು ಭಾನುವಾರ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಲು ನಾನು ಬೆಂಚಿನಿಂದ ಏಳಲೇ ಇಲ್ಲ, ನೆನಪಿದೆಯಾ? ನೀನು ನನ್ನ ಪಕ್ಕಕ್ಕೆ ಬಂದು ಮೊಣಕೈಯಿಂದ ತಿವಿದೆ. "ಯೋಗ್ಯತೆ ಇಲ್ಲ ಅಕ್ಕ" ಎಂದೆ. ಮೊದಲ ಸಲ ನಾನು ಬಡಾಯಿ ಇಲ್ಲದೆ ಆಡಿದ ಮಾತು ಅದು. ನೀನು ಪಿಸುಗುಟ್ಟಿದೆ, "ಯೋಗ್ಯತೆ ಯಾರಿಗಿದೆಯೋ? ಇದು ಕೂಲಿ ಅಲ್ಲ, ಕೃಪೆ. ಬರೀ ಕೈ ಒಡ್ಡು." "ಬಿಟ್ಟಿ ಕೊಟ್ಟದ್ದಕ್ಕೆ ಗ್ಯಾರಂಟಿ ಇರಲ್ಲ ಕಣಕ್ಕ" ಎಂದು ಹಾರಿಸಿದೆ. ನೀನು ನಗಲಿಲ್ಲ. ನನ್ನ ಕೈ ಹಿಡಿದು ಮುಂದಕ್ಕೆ ಎಳೆದುಕೊಂಡು ಹೋದೆ, ಸಂತೆಯಲ್ಲಿ ಹಟ ಹಿಡಿದ ಮಗುವನ್ನು ಎಳೆದ ಹಾಗೆ. ನಿನ್ನ ಅಂಗೈ ತಣ್ಣಗಿತ್ತು, ನಡುಗುತ್ತಿತ್ತು. ಭಕ್ತಿಯಿಂದ ಎಂದುಕೊಂಡೆ.

ಸಕ್ಕರೆ ಕಾಯಿಲೆ ಎಂದು ತಿಳಿದದ್ದು ನೀನು ಬಸ್‌ಸ್ಟಾಪಿನಲ್ಲಿ ಬಿದ್ದ ಮೇಲೆ. ಆಸ್ಪತ್ರೆಯಲ್ಲಿ ಆ ಹುಡುಗಿ ಡಾಕ್ಟರು ನಿನ್ನನ್ನು ಬೈದಳು. "ಶುಗರ್ ಇಟ್ಕೊಂಡು ಉಪವಾಸ ಮಾಡ್ತಾರೇನಮ್ಮ? ಯಾರು ಹೇಳ್ಕೊಟ್ಟಿದ್ದು ನಿಮಗೆ?" ನೀನು ಒಳ್ಳೇ ಮಗುವಿನ ಹಾಗೆ, "ಒಂದು ದೊಡ್ಡ ವಿಷಯ ಇದೆ ಮೇಡಂ, ದೇವರ ಹತ್ರ ನಡೀತಾ ಇದೆ. ನಡುವೆ ಬಿಡಕ್ಕಾಗಲ್ಲ" ಎಂದೆ. ನಾನು ಮಂಚದ ಪಕ್ಕದಲ್ಲೇ ಫ್ಲಾಸ್ಕು ಹಿಡಿದು ನಿಂತಿದ್ದೆ. ಬಾಯಿ ತೆರೆದೆ ಕೂಡ. ಬಂದ ಮಾತು, "ಕಾಫಿ ಬಗ್ಗಿಸ್ಲಾ ಅಕ್ಕ?"

ಬಿದ್ದಾಗ ಆದ ನಿನ್ನ ಕಾಲಿನ ಗಾಯ ಮಾಯಲಿಲ್ಲ. ಕೊನೆಯ ವಾರ ನೀನು ನನ್ನ ಮುಖ ನೇವರಿಸಿ, "ಬರುತ್ತೆ ಕಣೋ ನಿನ್ನ ದುಡ್ಡು. ನಂಬು" ಎಂದೆ. ಆಮೇಲೆ ನೀನು ಆಡಿದ್ದು ನೀರು ಬೇಕು ಎಂಬ ಮಾತೊಂದೇ. ಉಪವಾಸದಿಂದಲೇ ಹೋದಳು ಎಂದು ಡಾಕ್ಟರು ಹೇಳಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ. ನಿನ್ನ ಮಣ್ಣಿಗೆ ಬಂದವರೆಲ್ಲ ನನಗೇ ಸಮಾಧಾನ ಹೇಳಿದರು, ಮೊದಲು ದುಡ್ಡು ಹೋಯ್ತು, ಈಗ ಅಕ್ಕ ಎಂದು. ಆ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರಲ್ಲ, ಗುಂಡಿಯ ಮಣ್ಣು ನನ್ನ ಮೇಲೆ ಬೀಳಬಾರದಿತ್ತೇ ಅನ್ನಿಸಿತು.

ಅವತ್ತಿನಿಂದ ನಾನು ಹಿಂದಿನ ಬೆಂಚಿನಲ್ಲಿ ಕೂತು, ರೊಟ್ಟಿ ಮುರಿಯುವ ಹೊತ್ತಿಗೆ ಚಪ್ಪಲಿ ಹುಡುಕುತ್ತೇನೆ. ಪ್ರಾರ್ಥನೆ ಮಾಡಲು ಕಣ್ಣು ಮುಚ್ಚಿದರೆ ಕೇಳುವುದು ನಿನ್ನ ದನಿಯೇ, ನೂರರ ನೋಟಾದರೂ ಸರಿ... ಅಷ್ಟೊಂದು ಶುಕ್ರವಾರಗಳ ಹಸಿವನ್ನು ದೇವರು ಏನು ಮಾಡಿದ, ಅಕ್ಕ? ಇಲ್ಲದ ದುಡ್ಡನ್ನು ಅವನಾದರೂ ಎಲ್ಲಿಂದ ತಂದುಕೊಡಬೇಕಿತ್ತು? ಅಥವಾ ನೀನು ಬೇಡಿದ್ದೆಲ್ಲ ನಮ್ಮ ಚರ್ಚಿನ ಶೀಟಿಗೆ ಬಡಿದು ಅಲ್ಲೇ ಬಿತ್ತಾ? ನಿನ್ನ ನಿರೀಕ್ಷೆ ಅಷ್ಟು ಗಟ್ಟಿಯಾಗಿತ್ತು, ನಾನು ಅದರ ಅಡಿಗೆ ಒಂದು ಟೊಳ್ಳು ಕಲ್ಲು ಇಟ್ಟೆ. ಇಂಥವನಿಗೂ ಕೃಪೆ ಇದೆ ಎಂದು ನೀನು ಹೇಳುತ್ತೀಯ. ನೀನಿದ್ದಾಗ ಅದನ್ನು ಅರ್ಧ ನಂಬಿದ್ದೆ. ಆ ಅರ್ಧವನ್ನೂ ನೀನು ತೆಗೆದುಕೊಂಡು ಹೋದೆ.

ಹೋದ ಭಾನುವಾರ ಚರ್ಚಿನ ಮೆಟ್ಟಿಲಲ್ಲಿ ಸುಗುಣಮ್ಮ ನನ್ನ ತೋಳು ಹಿಡಿದುಕೊಂಡಳು. ಮಾತಾಡಿಸಲು ಎಂದುಕೊಂಡೆ, ಬೀಳದ ಹಾಗೆ ಹಿಡಿದುಕೊಂಡಿದ್ದಳು. ಬಹಳ ಇಳಿದುಹೋಗಿದ್ದಾಳೆ.

"ಯಾಕಮ್ಮ, ಹುಷಾರಿಲ್ವಾ?"

"ಏನಿಲ್ಲಪ್ಪ, ನಿತ್ರಾಣ. ನಿಮ್ಮಕ್ಕ ಬಿಟ್ಟುಹೋದ ಶುಕ್ರವಾರ ನಾನು ಹಿಡಿದಿದ್ದೀನಿ. ಅವಳು ಕೇಳಿದ್ದು ಬರೋ ತನಕ ಬಿಡಲ್ಲ ಅಂತ ಮಾತು ಕೊಟ್ಟಿದ್ದೆ."

"ಬಿಡಿ ಅಮ್ಮ, ಹೋದ ದುಡ್ಡು ಹೋಯ್ತು."

"ಹಂಗನ್ಬಾರದು. ಮೂರು ಲಕ್ಷ ಏನು ಸುಮ್ನೇನಾ?" ಎಂದು ನಕ್ಕಳು. ಅವಳ ಅಂಗೈ ತಣ್ಣಗಿತ್ತು, ಅಕ್ಕ. ನಡುಗುತ್ತಿತ್ತು. ಈ ಸಲ ನನಗೆ ಅದರ ಅರ್ಥ ಗೊತ್ತಿತ್ತು.

ನಾಳೆ ಶುಕ್ರವಾರ. ಅವಳು ಬೆಳಗಿನ ಕಾಫಿಯನ್ನು ಪಕ್ಕಕ್ಕೆ ಸರಿಸುವ ಮೊದಲೇ ಚಿಕ್ಕಲಸಂದ್ರಕ್ಕೆ ಹೋಗಿ ಅವಳ ಅಡುಗೆಮನೆಯಲ್ಲಿ ನಿಲ್ಲುತ್ತೇನೆ. ಅವಳು ಬಾಗಿಲು ತೋರಿಸಬಹುದು. ಸಭೆಗೆಲ್ಲ ಗೊತ್ತಾಗುತ್ತದೆ, ಕುರ್ಚಿಯ ಮರ್ಯಾದೆ ಹೋಗುತ್ತದೆ. ಕ್ಷಮೆ ಸಿಗುತ್ತದೆ ಎಂದು ನಾನು ಹೋಗುತ್ತಿಲ್ಲ. ಸಿಗುತ್ತದೆ ಎಂದು ನನಗೆ ಅನ್ನಿಸುವುದೂ ಇಲ್ಲ. ಅವಳು ಒಂದು ತುತ್ತು ತಿನ್ನಲಿ, ಅಷ್ಟೇ. ತಿಂದಳು ಎಂದರೆ, ಮುಂದಿನ ಭೋಜನದ ಭಾನುವಾರ ಚಪ್ಪಲಿ ಹುಡುಕುವುದಿಲ್ಲ. ಎಳೆಯುವವರಿಲ್ಲದೆ ಮುಂದಕ್ಕೆ ಹೋಗುತ್ತೇನೆ, ಕಾಲು ಬಂದರೆ.

ಆದರೆ ಅವಳಿಗಿಂತ ಮೊದಲು ನಿನಗೆ ಹೇಳಬೇಕು. ಅಪಾರ್ಟ್‌ಮೆಂಟೂ ಇರಲಿಲ್ಲ, ಕಂಟ್ರಾಕ್ಟೂ ಇರಲಿಲ್ಲ. ಬನಶಂಕರಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಒಬ್ಬ, ಸೆಕೆಂಡ್‌ಹ್ಯಾಂಡ್ ಪಾಲಿಶ್ ಮಿಷನ್ನು ಕೊಡಿಸುತ್ತೇನೆ, ಇಲ್ಲೇ ನಿಂತಿರು ಎಂದು ದುಡ್ಡು ಇಸಕೊಂಡು ಹೋದ. ಕತ್ತಲಾಗುವವರೆಗೆ ನಿಂತಿದ್ದೆ. ನನ್ನ ಹತ್ತಿರ ಇದ್ದದ್ದೇ ಅಷ್ಟು. ಅಷ್ಟಕ್ಕೆ ಅಳುವುದಕ್ಕೆ ನಾಚಿಕೆಯಾಗಿ, ಅಳುವಿಗೆ ತಕ್ಕ ಮೊತ್ತ ಹೇಳಿದೆ.

ಸಾವಿರದ ಇನ್ನೂರು ರೂಪಾಯಿ, ಅಕ್ಕ.